‘ಬಾಟಲಿಯೇ ಸಾಕು ಅಂದೆ, ಅವ್ವ ಸಿಟ್ಟಾದಳು’: ಮದುವೆಗೆ ಮುಂಚಿನ ಒಂದು ಪ್ರಶ್ನೆಗೆ ಮಕ್ಕಳ ವೈದ್ಯೆಯ ಉತ್ತರ

ಪ್ರಶ್ನೆ

ನನಗೆ 24 ವರ್ಷ. ಊರು ಜಮಖಂಡಿ ತಾಲ್ಲೂಕಿನ ಒಂದು ಹಳ್ಳಿ. ಕೆಲಸ ಬೆಳಗಾವಿಯ ಖಾಸಗಿ ಬ್ಯಾಂಕೊಂದರಲ್ಲಿ. ನಾಲ್ವರು ಗೆಳತಿಯರು ರೂಮು ಮಾಡಿಕೊಂಡಿದ್ದೇವೆ. ಮೊನ್ನೆ ರಾತ್ರಿ ಮಾತಿಗೆ ಮಾತು ಬೆಳೆದು ಎದೆಹಾಲಿನ ವಿಷಯ ಬಂತು. ಎದೆಹಾಲು ಒಳ್ಳೆಯದು ಎಂದು ನಾಲ್ವರೂ ಒಪ್ಪಿದೆವು. ‘ಹಾಗಾದ್ರೆ ನೀನು ಎಷ್ಟು ದಿನ ಕುಡಿಸ್ತಿ?’ ಎಂದಾಗ ಒಬ್ಬಳು ಒಂದು ತಿಂಗಳು ಎಂದಳು. ಇನ್ನೊಬ್ಬಳು ಫಿಗರ್ ಹಾಳಾಗುತ್ತೆ ಎಂದಳು. ನಾನು ಬಾಟಲಿಯೇ ಸಾಕು ಎಂದೆ. ಕಾರಣ ನಮ್ಮ ಅಕ್ಕ. ಅವಳ ಬಾಣಂತನ ನಮ್ಮ ಮನೆಯಲ್ಲೇ ಆಯಿತು. ಸಿಸೇರಿಯನ್. ಮೂರು ದಿನ ಹಾಲು ಬರಲಿಲ್ಲ ಎಂದು ಪುಡಿ ಹಾಲು ಕೊಟ್ಟರು. ಆಮೇಲೆ ಮೊಲೆತೊಟ್ಟು ಒಡೆದು ರಕ್ತ ಬಂತು. ಕೂಸು ನೋಡಲು ಬಂದವರೆಲ್ಲ ‘ನಿನಗ ಹಾಲಽ ಇಲ್ಲ’ ಅನ್ನುತ್ತಿದ್ದರು. ಎರಡನೇ ತಿಂಗಳಿಗೆ ಪೂರ್ತಿ ಬಾಟಲಿ. ಅವಳು ಹಾಲು ಕುಡಿಸಲು ಕೂತರೆ ನನ್ನ ತಮ್ಮ ಎದ್ದು ಹೊರಗೆ ಹೋಗುತ್ತಿದ್ದ. ಮುಂದಿನ ವರ್ಷ ನನ್ನ ಮದುವೆ. ಹುಡುಗನನ್ನು ಕೇಳಿದರೆ ‘ಅದು ಹೆಣ್ಣುಮಕ್ಕಳ ವಿಷಯ, ನಿನ್ನಿಷ್ಟ’ ಎನ್ನುತ್ತಾರೆ. ಅವ್ವನಿಗೆ ಹೇಳಿದ್ದಕ್ಕೆ ಸಿಟ್ಟಾದಳು. ನಮ್ಮ ವಯಸ್ಸಿನವರು ಹೀಗೆ ಯೋಚಿಸುವುದು ತಪ್ಪಾ?

ಉತ್ತರ

ತಪ್ಪಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈ ವಿಷಯದಲ್ಲಿ ಹೆಣ್ಣುಮಕ್ಕಳಿಗೆ ಉತ್ತರ ಸಿಗುವುದಕ್ಕಿಂತ ಮುಂಚೆ ಬೈಗುಳ ಸಿಗುತ್ತದೆ. ನೀವು ಕಣ್ಣಾರೆ ಕಂಡದ್ದರಿಂದ ಹೆದರಿದ್ದೀರಿ. ಅಕ್ಕ ಅಳುವುದನ್ನು ನೋಡಿದ ತಂಗಿ ‘ನನಗೆ ಇದು ಬೇಡ’ ಅಂದುಕೊಂಡರೆ ಅದರಲ್ಲಿ ಆಶ್ಚರ್ಯ ಏನಿದೆ? ಆದರೆ ಆ ಹೆದರಿಕೆಯಲ್ಲೇ ತೀರ್ಮಾನ ಮಾಡಬೇಡಿ ಎಂದು ಮಾತ್ರ ಕೇಳಿಕೊಳ್ಳುತ್ತೇನೆ. ನಿಮ್ಮ ಅಕ್ಕನಿಗೆ ಆದದ್ದರಲ್ಲಿ ಬಹುಪಾಲು ತಪ್ಪಿಸಬಹುದಾಗಿತ್ತು. ಅದು ಅವಳ ಮೈಯ ದೋಷವಲ್ಲ. ಅವಳ ಪಕ್ಕ ಕೂತು ತೋರಿಸಿಕೊಡುವವರು ಇರಲಿಲ್ಲ, ಅಷ್ಟೇ.

ನಾನು ವಿಜಯಪುರದಲ್ಲಿ ಮಕ್ಕಳ ವೈದ್ಯೆ. ನನ್ನ ಹತ್ತಿರ ಬರುವ ತಾಯಂದಿರಲ್ಲಿ ಜಾಸ್ತಿ ಜನ ನಿಮ್ಮ ವಯಸ್ಸಿನವರೇ. ಅವರಲ್ಲಿ ಎದೆಹಾಲು ಕೆಟ್ಟದ್ದು ಎಂದವರನ್ನು ನಾನು ಕಂಡಿಲ್ಲ. ನಿಮ್ಮ ರೂಮಿನಲ್ಲೂ ನಾಲ್ವರೂ ಒಪ್ಪಿದಿರಿ, ಅಲ್ವಾ? ಕುಡಿಸೋದು ನಾನೇ ಎಂಬ ಮಾತು ಬಂದಾಗ ಹಿಂದೆ ಸರಿದಿರಿ. ಈ ಎರಡರ ನಡುವಿನ ಅಂತರ ಬೆಳಗಾವಿಯಲ್ಲಷ್ಟೇ ಇಲ್ಲ. ಬೇರೆ ಬೇರೆ ದೇಶಗಳಲ್ಲಿ ಕಾಲೇಜು ಹುಡುಗ ಹುಡುಗಿಯರನ್ನು ಕೇಳಿ ನೋಡಿದ ಅಧ್ಯಯನಗಳಲ್ಲೂ ಇದೇ ಮತ್ತೆ ಮತ್ತೆ ಕಾಣುತ್ತದೆ.

ಇದನ್ನು ಅಳೆಯಲು ಒಂದು ಪ್ರಶ್ನಾವಳಿಯೇ ಇದೆ. 1999ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಸಂಶೋಧಕರು ಮಾಡಿದ್ದು. ಒಟ್ಟು 17 ಹೇಳಿಕೆಗಳು. ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ ಕೊಡಬೇಕು, ಎಷ್ಟು ಒಪ್ಪುತ್ತೀರಿ ಎಂದು. ಎದೆಹಾಲು ಕುಡಿದ ಮಗು ಹೆಚ್ಚು ಆರೋಗ್ಯವಾಗಿರುತ್ತದೆ ಎಂಬುದು ಅದರಲ್ಲಿ ಒಂದು. ತಾಯಿ ಕೆಲಸಕ್ಕೆ ಹೋಗುವವಳಾದರೆ ಪುಡಿ ಹಾಲೇ ಅನುಕೂಲ ಎಂಬುದು ಇನ್ನೊಂದು. ಹೋಟೆಲಿನಂಥ ನಾಲ್ಕು ಜನರ ನಡುವೆ ಹಾಲು ಕುಡಿಸಬಾರದು ಎಂಬುದಿದೆ. ತಾಯಿ ಎದೆಹಾಲು ಕೊಟ್ಟರೆ ಅಪ್ಪ ಹೊರಗಿನವನಾಗುತ್ತಾನೆ ಎಂಬುದೂ ಇದೆ. ನಿಮ್ಮ ಪತ್ರದ ಅರ್ಧ ಮಾತು ಆ ಪಟ್ಟಿಯಲ್ಲೇ ಇದ್ದಂತಾಯಿತು. ಯುವಕ ಯುವತಿಯರು ಮೊದಲನೆಯದನ್ನು ಸುಲಭವಾಗಿ ಒಪ್ಪುತ್ತಾರೆ. ಕೆಲಸದ ಮಾತು, ಜನರೆದುರಿನ ಮಾತು ಬಂದಾಗ ತಡವರಿಸುತ್ತಾರೆ. ಮನೆಯಲ್ಲಿ, ನೆಂಟರಲ್ಲಿ ಹಾಲು ಕುಡಿಸುವುದನ್ನು ನೋಡುತ್ತಾ ಬೆಳೆದವರು, ತಾವೇ ಎದೆಹಾಲು ಕುಡಿದು ಬೆಳೆದೆವೆಂದು ಗೊತ್ತಿರುವವರು ಹೆಚ್ಚು ನಿರಾಳವಾಗಿ ಉತ್ತರಿಸುತ್ತಾರೆ. ಇನ್ನೊಂದು ವಿಷಯವೂ ಗಮನಿಸಬೇಕಾದದ್ದು: ಬಹಳಷ್ಟು ಹೆಣ್ಣುಮಕ್ಕಳು ಎದೆಹಾಲೋ ಬಾಟಲಿಯೋ ಎಂಬುದನ್ನು ಗರ್ಭಿಣಿಯಾಗುವ ಮುಂಚೆಯೇ ಮನಸ್ಸಿನಲ್ಲಿ ನಿರ್ಧರಿಸಿರುತ್ತಾರೆ. ನೀವು ಈಗ ಕೇಳಿದ್ದು ಸರಿಯಾದ ಹೊತ್ತಿಗೇ ಕೇಳಿದ್ದೀರಿ.

ನನ್ನ ಅಭಿಪ್ರಾಯ ಇದು. ‘ತಾಯಿಯ ಹಾಲು ಅಮೃತ’ ಎಂದು ಗೋಡೆಯ ಮೇಲೆ ಬರೆದಷ್ಟಕ್ಕೆ ಇಪ್ಪತ್ತರ ಹುಡುಗಿಯ ಮನಸ್ಸು ಬದಲಾಗುವುದಿಲ್ಲ. ಅದು ಅವಳಿಗೆ ಗೊತ್ತೇ ಇದೆ. ಹಾಲು ಹೇಗೆ ಬರುತ್ತದೆ, ಯಾಕೆ ನೋಯುತ್ತದೆ, ನೋಯದಂತೆ ಹೇಗೆ ಕುಡಿಸಬೇಕು, ಕೆಲಸಕ್ಕೆ ಹೋದಾಗ ಏನು ಮಾಡಬೇಕು ಎಂದು ಯಾರೂ ಹೇಳಿರುವುದಿಲ್ಲ. ಹಾಗಾಗಿ ನಿಮ್ಮ ಅಕ್ಕನ ವಿಷಯದಿಂದಲೇ ಶುರು ಮಾಡುತ್ತೇನೆ.

‘ಮೂರು ದಿನ ಹಾಲು ಬರಲಿಲ್ಲ’ ಎಂದು ಬರೆದಿದ್ದೀರಿ. ನಿಜವಾಗಿ ಹಾಲು ಇತ್ತು. ಹೆರಿಗೆಯಾದಾಗಲೇ ಎದೆಯಲ್ಲಿ ಮೊದಲ ಹಾಲು ತಯಾರಿರುತ್ತದೆ. ಹಳದಿ ಬಣ್ಣ, ಅಂಟಂಟು, ತೀರಾ ಸ್ವಲ್ಪ. ಮೊದಲ ದಿನ ಒಂದು ಸಲಕ್ಕೆ ಒಂದೆರಡು ಚಮಚ ಕೂಡ ಇರುವುದಿಲ್ಲ. ಆ ದಿನ ಕೂಸಿನ ಹೊಟ್ಟೆಗೂ ಬೇಕಾದದ್ದು ಅಷ್ಟೇ. ರೋಗ ತಡೆಯುವ ಅಂಶ ಅದರಲ್ಲಿ ತುಂಬಾ ದಟ್ಟವಾಗಿರುತ್ತದೆ. ದಂಡಿಯಾಗಿ ಬಿಳಿ ಹಾಲು ಇಳಿಯುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕನೇ ದಿನದೊಳಗೆ. ಸಿಸೇರಿಯನ್ ಆದರೆ ಇನ್ನೂ ಸ್ವಲ್ಪ ತಡವಾಗಬಹುದು. ಅಂದರೆ ಅಕ್ಕನಿಗೆ ಮೂರನೇ ದಿನ ಹಾಲು ಇಳಿದಿದ್ದರೆ ಅದು ತಡವೇ ಅಲ್ಲ, ಸರಿಯಾದ ಸಮಯ. ನಮ್ಮ ಕಡೆ ಎಮ್ಮೆ ಈದರೆ ಗಿಣ್ಣಕ್ಕೆ ಓಣಿಯ ಜನ ಕಾಯುತ್ತಾರೆ. ತಾಯಿಯ ಮೊದಲ ಹಾಲನ್ನು ಮಾತ್ರ ‘ಕೆಟ್ಟ ಹಾಲು’ ಎಂದು ಹಿಂಡಿ ಚೆಲ್ಲುವ ಮನೆಗಳು ಇವತ್ತಿಗೂ ಇವೆ. ಇದು ನನಗೆ ತುಂಬಾ ಸಂಕಟ ಕೊಡುವ ವಿಷಯ.

ಆಮೇಲೆ ಆ ಮೂರು ದಿನ ಏನು ನಡೆದಿರಬಹುದು? ಹಾಲು ಊರುವುದು ಬಾವಿಯ ಸೆಲೆಯ ಹಾಗೆ, ಸೇದಿದಷ್ಟೂ ಊರುತ್ತದೆ. ಕೂಸು ಚೀಪಿದಾಗ ತಾಯಿಯ ಮೆದುಳಿಗೆ ಸುದ್ದಿ ಹೋಗುತ್ತದೆ. ಅಲ್ಲಿಂದ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಬಂದು ಹಾಲು ತಯಾರಿಸುತ್ತದೆ. ಆಕ್ಸಿಟೋಸಿನ್ ಎಂಬ ಇನ್ನೊಂದು ಹಾರ್ಮೋನು ಹಾಲನ್ನು ಹೊರಗೆ ತಳ್ಳುತ್ತದೆ. ಪುಡಿ ಹಾಲಿನಿಂದ ಹೊಟ್ಟೆ ತುಂಬಿದ ಕೂಸು ಮಲಗಿಬಿಡುತ್ತದೆ, ಚೀಪುವುದಿಲ್ಲ. ಚೀಪದಿದ್ದರೆ ಸುದ್ದಿ ಹೋಗುವುದಿಲ್ಲ. ಹಾಲು ಕಡಿಮೆಯಾಗುತ್ತದೆ. ಕಡಿಮೆ ಎಂದು ಇನ್ನೊಂದು ಬಾಟಲಿ. ಎರಡು ತಿಂಗಳಲ್ಲಿ ಎದೆ ಬತ್ತಿ ಹೋದದ್ದಕ್ಕೆ ಕಾರಣ ಬಹುಶಃ ಇದೇ. ಇನ್ನು ‘ಹಾಲಽ ಇಲ್ಲ’ ಎಂಬ ಮಾತು. ಅದು ಸುಮ್ನೆ ನೋಯಿಸಿ ಹೋಗುವ ಮಾತಲ್ಲ. ಆತಂಕ, ನೋವು, ನಾಚಿಕೆ ಇವು ಆಕ್ಸಿಟೋಸಿನ್ನನ್ನು ತಡೆಹಿಡಿಯುತ್ತವೆ. ಎದೆಯಲ್ಲಿ ಹಾಲಿದ್ದೂ ಹೊರಗೆ ಹರಿಯುವುದಿಲ್ಲ. ಕೂಸು ನೋಡಲು ಬಂದವರ ಬಾಯಿಗೆ ಇಷ್ಟು ಶಕ್ತಿ ಇದೆ ಎಂದು ಅವರಿಗೆ ಗೊತ್ತಿರುವುದಿಲ್ಲ.

ಇದು ಒಂದು ಮನೆಯ ಕಥೆಯಲ್ಲ. 2019ರಿಂದ 21ರವರೆಗೆ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ದೇಶದಲ್ಲಿ ಶೇ 88.6 ಹೆರಿಗೆಗಳು ಆಸ್ಪತ್ರೆಯಲ್ಲೇ ಆಗುತ್ತಿವೆ. ಆದರೆ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಸಿಕ್ಕ ಮಕ್ಕಳು ಶೇ 41.8 ಮಾತ್ರ. ವೈದ್ಯರು, ನರ್ಸುಗಳು ಇರುವ ಕಡೆಯೇ ಕೂಸು ಹುಟ್ಟುತ್ತಿದೆ, ಆದರೂ ಅರ್ಧಕ್ಕಿಂತ ಜಾಸ್ತಿ ಕೂಸುಗಳಿಗೆ ಮೊದಲ ಗಂಟೆ ತಪ್ಪಿಹೋಗುತ್ತಿದೆ. ಇದನ್ನು ಹೆಣ್ಣುಮಕ್ಕಳ ಮನಸ್ಸಿನ ಮೇಲೆ ಹೇಗೆ ಹೊರಿಸುವುದು? ಇದರ ಹೊಣೆ ಮೊದಲು ಆಸ್ಪತ್ರೆಗಳದ್ದು. ನಾನೂ ಅಂಥದ್ದೇ ಜಾಗದಲ್ಲಿ ಕೆಲಸ ಮಾಡುವವಳು, ಗೊತ್ತಿದ್ದೇ ಹೇಳುತ್ತಿದ್ದೇನೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿದ ಸಿಸೇರಿಯನ್‌ನಲ್ಲಿ ತಾಯಿಗೆ ಎಚ್ಚರ ಇರುತ್ತದೆ. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದರೆ ಒಂದು ಗಂಟೆಯೊಳಗೆ ಕೂಸನ್ನು ಎದೆಗೆ ಹಚ್ಚಬಹುದು. ಅದಕ್ಕೆ ಬೇಕಾದದ್ದು ಹಿಡಿದುಕೊಳ್ಳಲು ಒಬ್ಬ ನರ್ಸು.

ಒಡೆದ ಮೊಲೆತೊಟ್ಟಿನ ವಿಷಯ ವಿವರವಾಗಿ ಹೇಳಬೇಕು, ಯಾಕೆಂದರೆ ಎಳೆಯ ತಾಯಂದಿರನ್ನು ಬಾಟಲಿಯ ಕಡೆ ದೂಡುವ ದೊಡ್ಡ ಕಾರಣ ಈ ನೋವು. ಹಾಲು ಕುಡಿಸುವುದು ಅಂದರೆ ನೋವು ಸಹಿಸುವುದು ಎಂದು ನಿಮಗೆ ಅನಿಸಿರಬಹುದು. ಹಾಗಿಲ್ಲ. ಮೊದಲ ಕೆಲವು ದಿನ ಕೂಸು ಬಾಯಿ ಹಚ್ಚಿದಾಗ ಒಂದು ಸೆಳೆತ ಇರುತ್ತದೆ. ಅರ್ಧ ನಿಮಿಷದಲ್ಲಿ ಹೋಗುತ್ತದೆ. ಕುಡಿಯುವಷ್ಟು ಹೊತ್ತೂ ನೋಯುತ್ತಿದ್ದರೆ, ತೊಟ್ಟು ಸೀಳಿದ್ದರೆ, ಸಾಮಾನ್ಯವಾಗಿ ಕೂಸು ಬರೀ ತೊಟ್ಟನ್ನು ಕಚ್ಚಿಕೊಂಡಿರುತ್ತದೆ. ಕೂಸು ಹಿಡಿಯಬೇಕಾದದ್ದು ತೊಟ್ಟನ್ನಷ್ಟೇ ಅಲ್ಲ, ಅದರ ಸುತ್ತಲಿನ ಕಪ್ಪು ಭಾಗವನ್ನೂ. ಬಾಯಿ ಆಕಳಿಸುವಷ್ಟು ಅಗಲವಾಗಿ ತೆರೆದಿರಬೇಕು. ಕೆಳತುಟಿ ಹೊರಕ್ಕೆ ಮಡಚಿರಬೇಕು. ಗದ್ದ ಎದೆಗೆ ತಾಗಿರಬೇಕು. ಕೂಸಿನ ಹೊಟ್ಟೆ ತಾಯಿಯ ಹೊಟ್ಟೆಗೆ ಅಂಟಿಕೊಂಡಿರಬೇಕು, ಕುತ್ತಿಗೆ ತಿರುಚಿರಬಾರದು. ಕೂಸಿನ ಹತ್ತಿರ ನೀವು ಬಗ್ಗಬಾರದು, ಕೂಸನ್ನು ನಿಮ್ಮ ಹತ್ತಿರ ತರಬೇಕು. ಸರಿಯಾಗಿ ಹಿಡಿದಿಲ್ಲ ಅನಿಸಿದರೆ ಎಳೆಯಬೇಡಿ. ಕಿರುಬೆರಳನ್ನು ಕೂಸಿನ ಬಾಯಿಯ ಮೂಲೆಯಲ್ಲಿ ತೂರಿಸಿ ಬಿಡಿಸಿ, ಮತ್ತೆ ಹಚ್ಚಿ. ಹೊಲಿಗೆ ಹಾಕಿದ ಹೊಟ್ಟೆ ನೋಯುತ್ತಿದ್ದರೆ ಒಂದು ಬದಿಗೆ ಮಲಗಿ ಕುಡಿಸಬಹುದು. ಕೂಸಿನ ಕಾಲು ಹಿಂದಕ್ಕೆ ಬರುವಂತೆ ಕಂಕುಳಲ್ಲಿ ಹಿಡಿದೂ ಕುಡಿಸಬಹುದು, ಆಗ ಹೊಲಿಗೆಯ ಮೇಲೆ ಭಾರ ಬೀಳುವುದಿಲ್ಲ. ಅಕ್ಕನಿಗೆ ಇದನ್ನು ಯಾರಾದರೂ ಪಕ್ಕದಲ್ಲಿ ಕೂತು ಒಂದಿಷ್ಟು ಸಲ ತೋರಿಸಿದ್ದರೆ ಅವಳ ಬಾಣಂತನ ಬೇರೆ ಥರ ಇರುತ್ತಿತ್ತು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಎಷ್ಟು ಸರಿ ಮಾಡಿದರೂ ನೋವು ಹೋಗದಿದ್ದರೆ ವೈದ್ಯರಿಗೆ ತೋರಿಸಿ. ಕೆಲವು ಕೂಸುಗಳಿಗೆ ನಾಲಿಗೆಯ ಕೆಳಗಿನ ಪೊರೆ ಬಿಗಿಯಾಗಿರುತ್ತದೆ, ಕೆಲವೊಮ್ಮೆ ತಾಯಿಗೆ ಸೋಂಕು ಆಗಿರುತ್ತದೆ. ಎರಡಕ್ಕೂ ಚಿಕಿತ್ಸೆ ಇದೆ.

ಹಾಲು ಸಾಲುತ್ತಿದೆಯೋ ಇಲ್ಲವೋ ಎಂದು ತಿಳಿಯುವುದು ಕೂಸಿನ ಅಳುವಿನಿಂದ ಅಲ್ಲ. ಹುಟ್ಟಿದ ಕೂಸು ದಿನಕ್ಕೆ 8ರಿಂದ 12 ಸಲ ಕುಡಿಯುತ್ತದೆ. ಸಂಜೆ ಹೊತ್ತು ಗಂಟೆಗೊಮ್ಮೆ ಬೇಡುವುದೂ ಉಂಟು. ಮನೆಯವರು ಆಗಲೇ ‘ಹೊಟ್ಟೆ ತುಂಬ್ತಿಲ್ಲ’ ಅನ್ನುವುದು. ನೋಡಬೇಕಾದದ್ದು ಎರಡೇ. ಐದನೇ ದಿನದ ನಂತರ ದಿನಕ್ಕೆ ಆರು ಸಲವಾದರೂ ಉಚ್ಚೆ ಮಾಡುತ್ತಿದೆಯಾ? ಮೊದಲ ದಿನಗಳಲ್ಲಿ ಇಳಿದ ತೂಕ ಎರಡು ವಾರದೊಳಗೆ ಮರಳಿ ಬಂತಾ? ಬಂದಿದ್ದರೆ ಹಾಲು ಸಾಕಷ್ಟಿದೆ. ಬರದಿದ್ದರೆ, ಕೂಸು ಮಂಕಾಗಿ ಮಲಗಿಯೇ ಇದ್ದರೆ, ತಡ ಮಾಡದೆ ವೈದ್ಯರ ಹತ್ತಿರ ಹೋಗಬೇಕು. ಅಂಥ ಹೊತ್ತಲ್ಲಿ ಪುಡಿ ಹಾಲು ಬೇಕಾದರೆ ಅದು ಔಷಧಿಯ ಹಾಗೆ ಬೇಕಾಗುತ್ತದೆ, ಅದನ್ನು ಕೊಡುವುದರಲ್ಲಿ ಯಾವ ತಪ್ಪೂ ಇಲ್ಲ.

ನಿಜವಾಗಿಯೇ ಹಾಲು ಕಡಿಮೆ ಇರುವ ತಾಯಂದಿರು ಇದ್ದಾರೆ. ಸಂಖ್ಯೆ ಕಡಿಮೆ, ಆದರೆ ಇದ್ದಾರೆ. ಹೆರಿಗೆಯಲ್ಲಿ ತುಂಬಾ ರಕ್ತ ಹೋದವರು, ಥೈರಾಯ್ಡ್ ತೊಂದರೆ ಇರುವವರು, ಎದೆಯ ಶಸ್ತ್ರಚಿಕಿತ್ಸೆ ಆದವರು. ಅವರಿಗೆ ‘ಮನಸ್ಸು ಮಾಡಿದ್ರೆ ಬರುತ್ತೆ’ ಎನ್ನುವುದು ಕ್ರೌರ್ಯ. ಇದ್ದಷ್ಟು ಎದೆಹಾಲು ಕೊಟ್ಟು ಉಳಿದದ್ದನ್ನು ಪುಡಿ ಹಾಲಿನಲ್ಲಿ ತುಂಬಿಸಿದರೂ ಆ ತಾಯಿ ಪೂರ್ತಿ ತಾಯಿಯೇ.

ಫಿಗರ್ ಬಗ್ಗೆ ಕೇಳಿದ ಗೆಳತಿಗೆ ಹೇಳಿ: ಎದೆಯ ಆಕಾರ ಬದಲಾಗುವುದು ಗರ್ಭಿಣಿಯಾಗುವುದರಿಂದ, ವಯಸ್ಸಿನಿಂದ, ತೂಕ ಏರಿ ಇಳಿಯುವುದರಿಂದ. ಹಾಲು ಕುಡಿಸುವುದರಿಂದ ಅಲ್ಲ. ಬಾಟಲಿ ಕೊಟ್ಟವರ ಎದೆಯೂ ಅಷ್ಟೇ ಬದಲಾಗುತ್ತದೆ. ಎದೆ ಚಿಕ್ಕದಾದರೆ ಹಾಲು ಕಡಿಮೆ ಎಂಬುದೂ ಸುಳ್ಳು, ಯಾಕೆಂದರೆ ಗಾತ್ರ ಕೊಡುವುದು ಕೊಬ್ಬು, ಹಾಲು ಮಾಡುವುದು ಗ್ರಂಥಿ. ಮೈ ಬಗ್ಗೆ ಯೋಚಿಸುವುದಾದರೆ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ. 30 ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ 2002ರಲ್ಲಿ ಲೆಕ್ಕ ಹಾಕಿದಾಗ, ಒಟ್ಟು ಹಾಲು ಕುಡಿಸಿದ ಪ್ರತಿ 12 ತಿಂಗಳಿಗೆ ಸ್ತನ ಕ್ಯಾನ್ಸರಿನ ಅಪಾಯ ಶೇ 4.3ರಷ್ಟು ಇಳಿಯುತ್ತದೆ ಎಂದು ಕಂಡಿತು. ಮಗುವಿನ ಲಾಭದ ಬಗ್ಗೆ ಎಲ್ಲರೂ ಹೇಳುತ್ತಾರೆ. ತಾಯಿಗೆ ಸಿಗುವ ಲಾಭವನ್ನು ಹುಡುಗಿಯರಿಗೆ ಯಾರೂ ಹೇಳುವುದಿಲ್ಲ. ನನಗೆ ಇದು ಸರಿ ಕಾಣುವುದಿಲ್ಲ.

ನಾಚಿಕೆಯ ವಿಷಯ ಮಾತ್ರ ಇಷ್ಟು ಸುಲಭ ಅಲ್ಲ. ನಿಮ್ಮ ತಮ್ಮ ಎದ್ದು ಹೋದದ್ದು ಅಕ್ಕನ ಮೇಲಿನ ಗೌರವದಿಂದಲೇ ಇರಬೇಕು. ಆದರೆ ಅವನು ಎದ್ದು ಹೋದಾಗಲೆಲ್ಲ ಅಕ್ಕನಿಗೆ ತಾನು ಏನೋ ಮಾಡಬಾರದ್ದು ಮಾಡುತ್ತಿದ್ದೇನೆ ಅನಿಸಿರುತ್ತದೆ. ನಿಮಗೂ ಹಾಗೇ ಅನಿಸಿತು. ನಿಮ್ಮ ಅಜ್ಜಿಯ ಕಾಲ ನೆನಪಿಸಿಕೊಳ್ಳಿ. ಇಳಕಲ್ ಸೀರೆಯ ಸೆರಗು ಎಳೆದುಕೊಂಡು ಕಟ್ಟೆಯ ಮೇಲೆ, ಹೊಲದ ಬದುವಿನಲ್ಲಿ, ಜಾತ್ರೆಯ ಗದ್ದಲದಲ್ಲಿ ಕೂಸಿಗೆ ಹಾಲು ಕುಡಿಸುತ್ತಿದ್ದರು. ಯಾರೂ ತಿರುಗಿ ನೋಡುತ್ತಿರಲಿಲ್ಲ. ಅವರಿಗೆ ನಾಚಿಕೆ ಇರಲಿಲ್ಲ ಅಂತಲ್ಲ. ಅದು ದಿನದ ಕೆಲಸಗಳಲ್ಲಿ ಒಂದಾಗಿತ್ತು. ನಿಮ್ಮ ತಲೆಮಾರು ಹೈಸ್ಕೂಲು ಮುಗಿಯುತ್ತಲೇ ಹಾಸ್ಟೆಲಿಗೆ ಹೋಯಿತು. ಮನೆಗಳು ಚಿಕ್ಕದಾದವು. ಕೂಸು ಕುಡಿಯುವುದನ್ನು ಹತ್ತಿರದಿಂದ ನೋಡದೆಯೇ ಬೆಳೆದ ಹುಡುಗ ಹುಡುಗಿಯರು ಈಗ ಮದುವೆಯ ವಯಸ್ಸಿಗೆ ಬಂದಿದ್ದಾರೆ. ನಿಮಗಾದರೂ ಅಕ್ಕನ ಬಾಣಂತನ ನೋಡಲು ಸಿಕ್ಕಿತು, ಆದರೆ ಕಂಡದ್ದು ನೋವನ್ನು ಮಾತ್ರ. ಇಪ್ಪತ್ತರ ವಯಸ್ಸಿನವರ ಹಿಂಜರಿಕೆಗೆ ದೊಡ್ಡ ಕಾರಣ ಇದು ಎಂದು ನನ್ನ ನಂಬಿಕೆ. ಅವರನ್ನು ಸ್ವಾರ್ಥಿಗಳು ಅನ್ನುವ ಹಿರಿಯರ ಮಾತನ್ನು ನಾನು ಒಪ್ಪುವುದಿಲ್ಲ.

ಬೆಳಗಾವಿಯಿಂದ ಜಮಖಂಡಿಗೆ ಬಸ್ಸಿನಲ್ಲಿ ಕೂಸು ಅತ್ತರೆ ಏನು ಮಾಡುವುದು? ಕುಡಿಸುವುದು. ಮುಂದೆ ಗುಂಡಿ ಇರುವ ಕುರ್ತಾ, ಮೇಲೊಂದು ದುಪಟ್ಟಾ ಇದ್ದರೆ ಸಾಕು. ಕಿಟಕಿ ಪಕ್ಕದ ಸೀಟು ಕೇಳಿ ಪಡೆಯಿರಿ. ಮನೆಯಲ್ಲಿ ಕನ್ನಡಿಯ ಮುಂದೆ ಸ್ವಲ್ಪ ಅಭ್ಯಾಸ ಮಾಡಿದರೆ ಎಷ್ಟು ಕಡಿಮೆ ಕಾಣುತ್ತದೆ ಎಂದು ನಿಮಗೇ ಗೊತ್ತಾಗುತ್ತದೆ. ಧೈರ್ಯಕ್ಕೆ ಇನ್ನೊಂದು ಮಾತು ತಿಳಿದಿರಲಿ. 2021ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟೇ ಒಂದು ತೀರ್ಪಿನಲ್ಲಿ, ಹಾಲುಣಿಸುವುದು ತಾಯಿಯ ಹಕ್ಕು, ಸಂವಿಧಾನದ 21ನೇ ವಿಧಿ ಅದನ್ನು ಕಾಪಾಡುತ್ತದೆ ಎಂದು ಹೇಳಿದೆ. ಬೆಂಗಳೂರಿನ ಆಸ್ಪತ್ರೆಯಿಂದ ಕಳುವಾಗಿದ್ದ ಕೂಸೊಂದು ಹೆತ್ತ ತಾಯಿಗೆ ಸೇರಬೇಕೋ ಸಾಕಿದವಳಿಗೋ ಎಂಬ ಪ್ರಕರಣ ಅದು. ಕೂಸನ್ನು ಹೆತ್ತ ತಾಯಿಗೆ ಕೊಡಿಸಿದರು.

ಈಗ ಕೆಲಸ. ಬಾಟಲಿ ಮನೆಯೊಳಗೆ ಬರುವುದು ಎರಡು ಹೊತ್ತಿನಲ್ಲಿ. ಒಂದು ಹೆರಿಗೆಯಾದ ಮೊದಲ ಮೂರು ದಿನ, ಇನ್ನೊಂದು ತಾಯಿ ಕೆಲಸಕ್ಕೆ ಮರಳುವಾಗ. ನಿಮ್ಮದು ಬ್ಯಾಂಕಿನ ಕೆಲಸ, ಕಾನೂನು ನಿಮ್ಮ ಕಡೆ ಇದೆ. ಹೆರಿಗೆ ಸೌಲಭ್ಯದ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯ ಪ್ರಕಾರ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ರಜೆ. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದೇ 26 ವಾರ ಇದೆ. ಹೆರಿಗೆಗೆ ಮುಂಚೆ ಇದರಲ್ಲಿ 8 ವಾರದವರೆಗೆ ತೆಗೆದುಕೊಳ್ಳಬಹುದು. ಆದರೆ ನನ್ನ ಸಲಹೆ: ಮೈಯಲ್ಲಿ ಶಕ್ತಿ ಇದ್ದರೆ, ವೈದ್ಯರು ಒಪ್ಪಿದರೆ, ಆದಷ್ಟು ರಜೆಯನ್ನು ಹೆರಿಗೆಯ ನಂತರಕ್ಕೆ ಉಳಿಸಿಕೊಳ್ಳಿ. ಮೊದಲ ಆರು ತಿಂಗಳು ಎದೆಹಾಲು ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದಕ್ಕೂ ಈ 26 ವಾರಕ್ಕೂ ಲೆಕ್ಕ ಸರಿಹೋಗುತ್ತದೆ. ಕೆಲಸಕ್ಕೆ ಮರಳಿದ ಮೇಲೆ ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲುಣಿಸುವ ಬಿಡುವು ಕೇಳುವ ಹಕ್ಕು ನಿಮಗಿದೆ. 50 ಮತ್ತು ಅದಕ್ಕಿಂತ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೊಠಡಿ ಇರಬೇಕು.

ಆ ಹೊತ್ತಿಗೆ ಮಗು ಮೆತ್ತಗಿನ ಊಟ ಶುರು ಮಾಡಿರುತ್ತದೆ. ಬೆಳಿಗ್ಗೆ ಹೊರಡುವ ಮುಂಚೆ, ಸಂಜೆ ಬಂದ ತಕ್ಷಣ, ರಾತ್ರಿ ಎದೆಹಾಲು ಕುಡಿಸಬಹುದು. ನಡುವೆ ಬೇಕಾದರೆ ಹಾಲು ಹಿಂಡಿ ಇಡಬಹುದು. ಕೈಯಿಂದಲೂ ಆಗುತ್ತದೆ, ಪಂಪಿನಿಂದಲೂ ಆಗುತ್ತದೆ. ಹಿಂಡಿದ ಹಾಲು 25 ಡಿಗ್ರಿಯವರೆಗಿನ ತಂಪು ಕೋಣೆಯಲ್ಲಿ 4 ಗಂಟೆ ಕೆಡುವುದಿಲ್ಲ. ಬೆಳಗಾವಿಯ ಮಳೆಗಾಲಕ್ಕೆ ಇದು ಸರಿ. ಏಪ್ರಿಲ್ ತಿಂಗಳ ವಿಜಯಪುರ, ಬಾಗಲಕೋಟೆಯಲ್ಲಿ ಈ ಲೆಕ್ಕ ನಡೆಯುವುದಿಲ್ಲ, ಹಿಂಡಿದ ಕೂಡಲೇ ಫ್ರಿಜ್ಜಿನ ಒಳಭಾಗದಲ್ಲಿಡಿ. ಅಲ್ಲಿ 4 ದಿನ ಇರುತ್ತದೆ. ಕುದಿಸಬೇಡಿ, ಮೈಕ್ರೋವೇವಿನಲ್ಲಿ ಇಡಬೇಡಿ, ಬಿಸಿ ನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗೆ ಮಾಡಿ. ಬಾಟಲಿ ಬದಲು ಒಳಲೆಯಲ್ಲಿ ಅಥವಾ ಚಿಕ್ಕ ಲೋಟದಲ್ಲಿ ಕುಡಿಸಿದರೆ ತೊಳೆಯುವುದೂ ಸುಲಭ.

ಇಷ್ಟು ಬರೆಯುವಾಗ ರಬಕವಿ-ಬನಹಟ್ಟಿಯ ಮಗ್ಗದ ಹೆಣ್ಣುಮಕ್ಕಳು, ಕಬ್ಬು ಕಡಿಯಲು ಊರೂರು ತಿರುಗುವವರು ನೆನಪಾಗುತ್ತಾರೆ. ಅವರಿಗೆ ಈ 26 ವಾರ ಇಲ್ಲ. ಒಂದು ದಿನ ಕೂತರೆ ಒಂದು ದಿನದ ಕೂಲಿ ಹೋಯಿತು. ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಎಂದು ಸರ್ಕಾರ ಶುರು ಮಾಡಿರುವುದು ಒಳ್ಳೆಯ ಕೆಲಸ. ಅಂಥದ್ದು ಮಗ್ಗದ ಓಣಿಗೂ ಬೇಕು. ಎದೆಹಾಲಿನ ಬಗ್ಗೆ ಹೆಣ್ಣುಮಕ್ಕಳ ಮನಸ್ಸು ಬದಲಿಸಬೇಕು ಎನ್ನುವವರು ಅವರ ದುಡಿಮೆಯ ಹೊತ್ತನ್ನೂ ನೋಡಬೇಕು.

ನಿಮ್ಮ ಹುಡುಗ ‘ನಿನ್ನಿಷ್ಟ’ ಎಂದದ್ದು ಕೇಳಲು ಒಳ್ಳೆಯದೇ. ಆದರೆ ‘ಅದು ಹೆಣ್ಣುಮಕ್ಕಳ ವಿಷಯ’ ಎಂದರಲ್ಲ, ಅದಕ್ಕೆ ನನ್ನ ತಕರಾರಿದೆ. ಗಂಡ ಜೊತೆಗೆ ನಿಂತರೆ ತಾಯಿ ಹೆಚ್ಚು ದಿನ ಹಾಲು ಕುಡಿಸುತ್ತಾಳೆ ಎಂದು ಅಧ್ಯಯನಗಳು ಹೇಳುತ್ತವೆ. ನಮ್ಮ ಕಡೆ ಒಂದು ತೊಡಕಿದೆ. ಚೊಚ್ಚಲ ಹೆರಿಗೆ ತವರಿನಲ್ಲಿ. ಗಂಡ ರವಿವಾರ ಬಂದು ಕೂಸು ನೋಡಿ ಹೋಗುತ್ತಾನೆ. ಹಾಲಿನ ಕಷ್ಟದ ದಿನಗಳಲ್ಲಿ ಅವನು ಇರುವುದೇ ಇಲ್ಲ. ಮೂರು ಅಥವಾ ಐದು ತಿಂಗಳಿಗೆ ಕೂಸು ಗಂಡನ ಮನೆಗೆ ಬಂದಾಗ ಅವನಿಗೆ ಏನೂ ಗೊತ್ತಿರುವುದಿಲ್ಲ. ಹಾಗಾಗಿ ಮೊದಲ ವಾರವಾದರೂ ಅವರು ರಜೆ ಹಾಕಿ ನಿಮ್ಮ ಜೊತೆ ಇರಲಿ. ರಾತ್ರಿ ಕೂಸನ್ನು ಎತ್ತಿ ನಿಮ್ಮ ಕೈಗೆ ಕೊಡುವುದು, ಕುಡಿದ ಮೇಲೆ ಹೆಗಲಿಗೆ ಹಾಕಿ ತೇಗಿಸುವುದು, ಬಟ್ಟೆ ಬದಲಿಸುವುದು, ಕುಡಿಸುವಾಗ ನಿಮಗೆ ನೀರು ತಂದು ಕೊಡುವುದು ಅವರ ಕೆಲಸ. ಎಲ್ಲಕ್ಕಿಂತ ಮುಖ್ಯ, ‘ಹಾಲಽ ಇಲ್ಲ’ ಎನ್ನುವವರಿಗೆ ‘ಡಾಕ್ಟರು ತೂಕ ನೋಡ್ಯಾರ, ಸರಿ ಐತಿ’ ಎಂದು ನಿಮ್ಮ ಪರವಾಗಿ ಅವರೇ ಹೇಳಬೇಕು. ಅಳಿಯ ಹೇಳಿದರೆ ನಮ್ಮ ಕಡೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಅವ್ವನ ಸಿಟ್ಟಿನ ಹಿಂದೆ ಅವಳ ಅನುಭವ ಇದೆ, ಅದನ್ನು ಬಿಟ್ಟುಕೊಡಬೇಡಿ. ಅಂಟಿನ ಉಂಡಿ, ಅಳವಿ ಪಾಯಸ, ಸಬ್ಬಸಿಗೆ ಪಲ್ಯ, ಬಳ್ಳೊಳ್ಳಿ ಹಾಕಿದ ಸಾರು, ಎಲ್ಲವನ್ನೂ ಪ್ರೀತಿಯಿಂದ ತಿನ್ನಿ. ಇವು ಹಾಲನ್ನು ಎಷ್ಟು ಹೆಚ್ಚಿಸುತ್ತವೆ ಎಂಬುದಕ್ಕಿಂತ, ಹಾಲುಣಿಸುವ ತಾಯಿಗೆ ದಿನಕ್ಕೆ ಐನೂರು ಆರುನೂರು ಕ್ಯಾಲೊರಿ ಹೆಚ್ಚು ಬೇಕು, ಅದು ಇವುಗಳಿಂದ ಸಿಗುತ್ತದೆ. ಆದರೆ ಮೂರು ವಿಷಯದಲ್ಲಿ ಅವ್ವನಿಗೆ ಮೆತ್ತಗೆ ಬೇಡ ಎನ್ನಿ. ಹುಟ್ಟಿದ ಕೂಸಿಗೆ ಜೇನುತುಪ್ಪ ನೆಕ್ಕಿಸುವುದು ಬೇಡ. ಒಂದು ವರ್ಷದೊಳಗೆ ಅದು ಅಪಾಯಕಾರಿ ಸೋಂಕು ತರಬಹುದು. ಬೇರು, ಕಾಯಿ ತೇಯ್ದು ನೆಕ್ಕಿಸುವ ಗುಟ್ಟಿ ಬೇಡ. ಬಿಸಿಲು ಎಂದು ನೀರು ಕುಡಿಸುವುದು ಬೇಡ. ಎದೆಹಾಲಿನಲ್ಲಿ ಶೇ 87ರಷ್ಟು ನೀರೇ ಇದೆ, 40 ಡಿಗ್ರಿ ಬಿಸಿಲಿನಲ್ಲೂ ಆರು ತಿಂಗಳವರೆಗೆ ಕೂಸಿಗೆ ಅದೇ ಸಾಕು. ನೀರು ತಾಯಿ ಕುಡಿಯಲಿ. ವೈದ್ಯರು ಬರೆದ ವಿಟಮಿನ್ ಡಿ ಹನಿ ಮಾತ್ರ ತಪ್ಪದೆ ಹಾಕಿ.

ಎಲ್ಲ ಕೇಳಿದ ಮೇಲೂ ನೀವು ಬಾಟಲಿಯನ್ನೇ ಆರಿಸಿಕೊಂಡರೆ ನಾನು ನಿಮ್ಮನ್ನು ಬೈಯುವುದಿಲ್ಲ. ಎದೆಹಾಲಿಗೆ ಸಮನಾದದ್ದು ಇಲ್ಲ ಎಂದು ಮಾತ್ರ ಹೇಳುತ್ತೇನೆ. ಅದರಲ್ಲಿರುವ ರೋಗ ತಡೆಯುವ ಅಂಶಗಳನ್ನು ಪುಡಿಯಲ್ಲಿ ತುಂಬಲು ಆಗಿಲ್ಲ. ಮತ್ತೆ, ಬಾಟಲಿ ಸುಲಭ ಎಂದುಕೊಂಡಿದ್ದರೆ ಅದು ಸುಲಭವಲ್ಲ. ಪುಡಿ ಹಾಲು ಕ್ರಿಮಿ ಇಲ್ಲದ ಪದಾರ್ಥವಲ್ಲ, ಕುದಿಸಿ 70 ಡಿಗ್ರಿಗಿಂತ ಕೆಳಗೆ ಇಳಿಯದ ನೀರಿನಲ್ಲಿ ಕಲಸಿ, ಆರಿಸಿ ಕೊಡಬೇಕು. ಡಬ್ಬಿಯಲ್ಲಿ ಬರೆದ ಅಳತೆ ತಪ್ಪಬಾರದು, ಉಳಿತಾಯಕ್ಕೆ ನೀರು ಜಾಸ್ತಿ ಹಾಕಬಾರದು. ಪ್ರತಿ ಸಲ ಬಾಟಲಿ, ನಿಪ್ಪಲು ಕುದಿಸಬೇಕು, ರಾತ್ರಿ ಎರಡು ಗಂಟೆಗೂ. ನೀರು ದಿನ ಬಿಟ್ಟು ದಿನ ಬರುವ ಊರುಗಳಲ್ಲಿ ಇದು ಎಷ್ಟು ಕಷ್ಟ ಎಂದು ಭೇದಿಯಾಗಿ ಬರುವ ಕೂಸುಗಳನ್ನು ನೋಡಿ ನನಗೆ ಗೊತ್ತು. ಒಂದು ವರ್ಷದೊಳಗೆ ಪುಡಿಯ ಬದಲು ಆಕಳ ಹಾಲು, ಎಮ್ಮೆ ಹಾಲನ್ನೇ ಮುಖ್ಯ ಆಹಾರ ಮಾಡುವುದೂ ಸರಿಯಲ್ಲ, ರಕ್ತ ಕಡಿಮೆಯಾಗುತ್ತದೆ. ಮೊಬೈಲಿನಲ್ಲಿ ಯಾರಾದರೂ ಪುಡಿ ಹಾಲಿನ ಡಬ್ಬಿ ಹಿಡಿದು ಹೊಗಳುವುದು ಕಂಡರೆ ನೆನಪಿಡಿ: 1992ರ ಕಾಯ್ದೆ, 2003ರ ತಿದ್ದುಪಡಿಯ ಪ್ರಕಾರ ಎರಡು ವರ್ಷದೊಳಗಿನ ಮಕ್ಕಳ ಪುಡಿ ಹಾಲು, ಆಹಾರ, ಬಾಟಲಿಗಳ ಜಾಹೀರಾತೇ ನಮ್ಮ ದೇಶದಲ್ಲಿ ನಿಷಿದ್ಧ. ಆಸ್ಪತ್ರೆಯಲ್ಲಿ ಉಚಿತ ಡಬ್ಬಿ ಕೊಡುವುದೂ ನಿಷಿದ್ಧ.

ತಂಗೀ, ಈ ಪತ್ರವನ್ನು ಅಕ್ಕನಿಗೂ ಓದಲು ಕೊಡಿ. ಅವಳ ಎದೆಯಲ್ಲಿ ಹಾಲಿತ್ತು ಎಂದು ಅವಳಿಗೆ ಯಾರೂ ಹೇಳಿರಲಿಕ್ಕಿಲ್ಲ. ಎರಡನೇ ಮಗುವಿಗೆ ಹಾಲು ಚೆನ್ನಾಗಿ ಬರುವುದು ತೀರಾ ಸಾಮಾನ್ಯ. ನಿಮ್ಮ ವಿಷಯಕ್ಕೆ ಬಂದರೆ, ಈಗ ಏನೂ ನಿರ್ಧರಿಸಬೇಕಿಲ್ಲ. ಪರಿಚಯದಲ್ಲಿ ಯಾರಾದರೂ ಚೆನ್ನಾಗಿ ಹಾಲು ಕುಡಿಸುತ್ತಿದ್ದರೆ, ಅವರು ಒಪ್ಪಿದರೆ, ಪಕ್ಕದಲ್ಲಿ ಕೂತು ನೋಡಿ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೂ ತೋರಿಸುತ್ತಾರೆ. ಮುಂದೆ ಗರ್ಭಿಣಿಯಾದಾಗ, ಎಂಟನೇ ತಿಂಗಳ ತಪಾಸಣೆಗೆ ಅವ್ವನನ್ನೂ ಗಂಡನನ್ನೂ ಕರೆದುಕೊಂಡು ಹೋಗಿ ಆಸ್ಪತ್ರೆಯವರನ್ನು ಕೇಳಿ: ಸಿಸೇರಿಯನ್ ಆದರೂ ಒಂದು ಗಂಟೆಯೊಳಗೆ ಕೂಸನ್ನು ಎದೆಗೆ ಹಚ್ಚುತ್ತೀರಾ? ಹಗಲೂ ರಾತ್ರಿ ಕೂಸು ನನ್ನ ಹತ್ತಿರವೇ ಇರುತ್ತದಾ? ಕುಡಿಸುವುದನ್ನು ತೋರಿಸಿಕೊಡಲು ನರ್ಸು ಇರುತ್ತಾರಾ? ಪುಡಿ ಹಾಲು ಕೊಡುವ ಮುಂಚೆ ಕಾರಣ ನನಗೆ ಹೇಳುತ್ತೀರಾ? ಈ ನಾಲ್ಕಕ್ಕೂ ಸರಿಯಾಗಿ ಹೌದು ಎನ್ನದಿದ್ದರೆ ಬೇರೆ ಆಸ್ಪತ್ರೆ ನೋಡಲು ಆಗ ನಿಮಗಿನ್ನೂ ಸಮಯ ಇರುತ್ತದೆ.